ಕರಿ ಚಂದಪ್ಪ ಬೆಳ್ಳಗೆ ಯಾಕೆ ಕಾಣುತ್ತಾನೆ?

ಪ್ರಶ್ನೆ: ಸರ್, ನಾವು ಗದಗ ಜಿಲ್ಲೆ ಮುಂಡರಗಿ ಕಡೆಯವರು. ನಮ್ಮದು ಎರಿ ಹೊಲ. ಚಂದ್ರನಿಗೆ ಸ್ವಂತ ಬೆಳಕಿಲ್ಲ, ಸೂರ್ಯನ ಬೆಳಕಿನಿಂದ ಹೊಳೆಯುತ್ತಾನೆ ಎಂದು ಆರನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಕಲಿಸಿದ್ದಾರೆ. ಮೊನ್ನೆ ಮೊಬೈಲ್‌ನಲ್ಲಿ ಚಂದ್ರಯಾನ-3ರ ಫೋಟೊ ನೋಡಿದಳು. "ಎವ್ವಾ, ಅಲ್ಲಿ ನೆಲ ನಮ್ಮ ಹೊಲದಂಗ ಕರ್ರಗ ಐತಿ. ಹಂಗಿದ್ರ ಚಂದಪ್ಪ ರಾತ್ರಿ ಇಷ್ಟು ಬೆಳ್ಳಗ ಹೆಂಗ ಹೊಳಿತಾನ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಾಗಲಿಲ್ಲ. ಹಗಲಿನಲ್ಲಿ ಯಾಕೆ ಹಾಗೆ ಹೊಳೆಯುವುದಿಲ್ಲ ಅನ್ನೋದನ್ನೂ ಹೇಳಿ. ನಮ್ಮ ಅತ್ತೆ ಬೆಳದಿಂಗಳು ತಂಪು ಅಂತಾರೆ. ಅದು ಖರೇನಾ?

ಉತ್ತರ: ತಂಗಿ, ಮೊದಲು ಮಗಳ ಬೆನ್ನು ತಟ್ಟಿ. ಅವಳು ಕಂಡದ್ದು ಸರಿ. ಚಂದ್ರನ ನೆಲ ಕಪ್ಪೇ. ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಸುಮಾರು 12 ಪಾಲನ್ನು ಮಾತ್ರ ಅದು ವಾಪಸ್ ಕಳಿಸುತ್ತದೆ. ಉಳಿದದ್ದನ್ನು ನುಂಗಿ ಕಾಯುತ್ತದೆ. ಸುಣ್ಣ ಬಳಿದ ಗೋಡೆ 80 ಪಾಲು ಕಳಿಸುತ್ತದೆ ಎಂದರೆ ವ್ಯತ್ಯಾಸ ತಿಳಿಯುತ್ತದೆ. 12 ಪಾಲು ಅಂದರೆ ಹಳೆಯ ಡಾಂಬರು ರಸ್ತೆಯ ಲೆಕ್ಕ. ಒಣಗಿದ ನಿಮ್ಮ ಎರಿ ಮಣ್ಣೂ ಹೆಚ್ಚು ಕಡಿಮೆ ಅದೇ ಸಾಲಿನಲ್ಲಿ ಕೂರುತ್ತದೆ. ಚಂದ್ರನ ಮೇಲೆ ಮೊಲ ಎಂದು ತೋರಿಸುತ್ತೇವಲ್ಲ, ಆ ಕಲೆಯ ಜಾಗ ಇನ್ನೂ ಕಪ್ಪು. ಅದು 300 ಕೋಟಿ ವರ್ಷಕ್ಕೂ ಹಿಂದೆ ಲಾವಾ ಹರಿದು ಆರಿದ ಬಸಾಲ್ಟ್ ನೆಲ. ವಿಜಯಪುರದ ಗೋಳಗುಮ್ಮಟ ಕಟ್ಟಿದ ಕಲ್ಲೂ ಬಸಾಲ್ಟೇ. ಜಾತಿ ಒಂದೇ, ಊರು ಬೇರೆ.

ಹಾಗಾದರೆ ಆ ಬೆಳಕು ಎಲ್ಲಿಂದ ಬಂತು? ಶಾಲೆಯಲ್ಲಿ ಹೇಳಿದ್ದು ಸರಿ, ಸೂರ್ಯನಿಂದ. ಆದರೆ ಅಲ್ಲಿಗೇ ನಿಲ್ಲಿಸಿದರೆ ಮಗಳ ಪ್ರಶ್ನೆ ಹಾಗೇ ಉಳಿಯುತ್ತದೆ. ಕರಿ ನೆಲದಿಂದ ಬೆಳ್ಳಗಿನ ಬೆಳಕು ಹೇಗೆ?

ಒಂದು ಅಳತೆ ಹಾಕಿ ನೋಡೋಣ. ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರ. ಚಂದ್ರ ಸುಮಾರು 3 ಲಕ್ಷ 84 ಸಾವಿರ ಕಿಲೋಮೀಟರ್. ಸೂರ್ಯನನ್ನು ಹುಬ್ಬಳ್ಳಿಯಲ್ಲಿ ಇಟ್ಟು, ನಾವು 20 ಕಿಲೋಮೀಟರ್ ಆಚೆ ಧಾರವಾಡದಲ್ಲಿ ನಿಂತೆವು ಅನ್ನಿ. ಆಗ ಚಂದ್ರ ಇರುವುದು ನಮ್ಮಿಂದ ಬರೀ 50 ಮೀಟರ್ ದೂರದಲ್ಲಿ, ಪಕ್ಕದ ಓಣಿಯಲ್ಲಿ. ಹುಬ್ಬಳ್ಳಿಯ ಬೆಳಕು ನಮಗೆ ಎಷ್ಟು ಬೀಳುತ್ತದೋ ಪಕ್ಕದ ಓಣಿಗೂ ಅಷ್ಟೇ ತಾನೆ? ಅಂದರೆ ಮುಂಡರಗಿಯ ಹೊಲಕ್ಕೆ ಎಂಥ ಬಿಸಿಲು ಬೀಳುತ್ತದೋ ಚಂದ್ರನ ನೆಲಕ್ಕೂ ಅಂಥದ್ದೇ ಬೀಳುತ್ತದೆ. ಸ್ವಲ್ಪ ಜಾಸ್ತಿಯೇ ಅನ್ನಬೇಕು, ಅಲ್ಲಿ ತಡೆಯೋಕೆ ಗಾಳಿಯೂ ಇಲ್ಲ, ಮೋಡವೂ ಇಲ್ಲ.

ಹುಣ್ಣಿಮೆ ಚಂದ್ರನನ್ನು ನೋಡುವಾಗ ನೀವು ನೋಡುತ್ತಿರುವುದು ಬಿಸಿಲಲ್ಲಿ ಕಾಯುತ್ತಿರುವ ಒಂದು ಎರಿ ಹೊಲವನ್ನು. ನಿಮಗೆ ರಾತ್ರಿ, ಅದಕ್ಕೆ ಹಗಲು.

ಇದನ್ನು ನಿಮ್ಮ ಮೊಬೈಲ್ ಕ್ಯಾಮೆರಾನೇ ಹೇಳುತ್ತದೆ. ಸುಮ್ನೆ ಚಂದ್ರನ ಫೋಟೊ ತೆಗೆದರೆ ಒಂದು ಬಿಳಿ ಚುಕ್ಕೆ ಬೀಳುತ್ತದೆ, ಬಲ್ಬಿನ ತರ. ಸುತ್ತ ಕತ್ತಲೆ ಇದೆ ಎಂದು ಕ್ಯಾಮೆರಾ ಬೆಳಕನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಪರದೆಯ ಮೇಲೆ ಚಂದ್ರನನ್ನು ಒತ್ತಿ ಹಿಡಿದು, ಬೆಳಕಿನ ಗುರುತನ್ನು ಕೆಳಕ್ಕೆ ಎಳೆಯಿರಿ. ಕಲೆಗಳು ಕಾಣುತ್ತವೆ, ಬೂದು ಬಣ್ಣ ಬರುತ್ತದೆ. ದೊಡ್ಡ ಕ್ಯಾಮೆರಾ ಇಟ್ಟುಕೊಂಡ ಫೋಟೊಗ್ರಾಫರ್‌ಗಳಿಗೆ ಇದು ಹಳೆಯ ಪಾಠ. ಹುಣ್ಣಿಮೆ ಚಂದ್ರನನ್ನು ಅವರು ತೆಗೆಯುವುದು ರಾತ್ರಿಯ ಲೆಕ್ಕದಲ್ಲಿ ಅಲ್ಲ, ಹೆಚ್ಚು ಕಡಿಮೆ ಹಗಲಿನ ಬಿಸಿಲಿನ ಲೆಕ್ಕದಲ್ಲಿ.

ಈಗ ಬಿಳಿ ಬಣ್ಣದ ವಿಷಯಕ್ಕೆ ಬರೋಣ. ನನಗೆ ಇಡೀ ಪ್ರಶ್ನೆಯಲ್ಲಿ ತುಂಬಾ ಇಷ್ಟವಾದದ್ದು ಇದೇ. ಇದರ ಉತ್ತರ ಚಂದ್ರನಲ್ಲಿ ಇಲ್ಲ, ನಮ್ಮ ಕಣ್ಣಿನಲ್ಲಿ ಇದೆ. ಒಂದು ವಸ್ತು ಬಿಳಿಯೋ ಕಪ್ಪೋ ಎಂದು ಕಣ್ಣು ಒಂಟಿಯಾಗಿ ನೋಡಿ ತೀರ್ಮಾನ ಮಾಡುವುದಿಲ್ಲ. ಪಕ್ಕದ್ದರ ಜೊತೆ ತೂಗಿ ನೋಡುತ್ತದೆ. ಸುತ್ತ ಇರುವುದರಲ್ಲಿ ಯಾವುದು ಎಲ್ಲಕ್ಕಿಂತ ಬೆಳಗೋ ಅದನ್ನು ಬಿಳಿ ಎಂದು ಹಿಡಿಯುತ್ತದೆ, ಉಳಿದದ್ದನ್ನು ಅದರಿಂದ ಅಳೆಯುತ್ತದೆ. ಚಂದ್ರನ ಪಕ್ಕ ಏನಿದೆ? ಕರಿ ಆಕಾಶ. ಹೋಲಿಸಿ ನೋಡೋಕೆ ಒಂದು ಬಿಳಿ ಚೂರೂ ಇಲ್ಲ. ಊರಿಗೆ ಊರೇ ಕತ್ತಲಾದಾಗ ಚಿಮಣಿಯೇ ದೊಡ್ಡ ದೀಪ, ಅಲ್ವಾ?

1929ರಲ್ಲಿ ಗೆಲ್ಬ್ ಎಂಬ ಜರ್ಮನಿಯ ಮನಶ್ಶಾಸ್ತ್ರಜ್ಞ ಇದನ್ನು ಒಂದು ಪ್ರಯೋಗದಲ್ಲಿ ತೋರಿಸಿದರು. ನೀವೂ ಮನೆಯಲ್ಲಿ ಮಾಡಬಹುದು. ರಾತ್ರಿ ದೀಪ ಎಲ್ಲ ಆರಿಸಿ. ಕರಿ ಕಾಗದದ ಒಂದು ದುಂಡು ಬಿಲ್ಲೆ ಕತ್ತರಿಸಿ, ಕೋಣೆಯ ನಡುವೆ ದಾರದಿಂದ ತೂಗುಬಿಡಿ. ಟಾರ್ಚಿನ ಮುಂದೆ ತೂತು ಮಾಡಿದ ರಟ್ಟು ಹಿಡಿದು, ಬೆಳಕು ಬಿಲ್ಲೆಯ ಮೇಲಷ್ಟೇ ಬೀಳುವ ಹಾಗೆ ಮಾಡಿ. ಹಿಂದಿನ ಗೋಡೆಗೆ ಬೀಳಬಾರದು, ಅದೇ ಕಷ್ಟದ ಕೆಲಸ. ಆಮೇಲೆ ಮಗಳನ್ನು ಒಳಗೆ ಕರೆಯಿರಿ. ಬಿಲ್ಲೆ ಯಾವ ಬಣ್ಣದ್ದು ಎಂದು ಕೇಳಿ. ಬಿಳಿ, ಇಲ್ಲವೇ ಮಾಸಲು ಬಿಳಿ ಅನ್ನುತ್ತಾಳೆ. ಈಗ ಅದೇ ಬೆಳಕಿನೊಳಗೆ, ಬಿಲ್ಲೆಯ ಪಕ್ಕಕ್ಕೆ ನೋಟ್‌ಬುಕ್ಕಿನ ಒಂದು ಬಿಳಿ ಹಾಳೆ ಹಿಡಿಯಿರಿ. ಕಣ್ಣೆದುರೇ ಬಿಲ್ಲೆ ಕರ್ರಗಾಗುತ್ತದೆ. ಹಾಳೆ ತೆಗೆಯಿರಿ, ಮತ್ತೆ ಬೆಳ್ಳಗಾಗುತ್ತದೆ. ಅದು ಕಪ್ಪು ಎಂದು ಗೊತ್ತಾದ ಮೇಲೂ ಕಣ್ಣು ಮತ್ತೆ ಮೋಸ ಹೋಗುತ್ತದೆ. ನಾನು ಎಷ್ಟೋ ಸಲ ಮಾಡಿದ್ದೇನೆ, ಪ್ರತಿ ಸಲವೂ ಮೋಸ ಹೋಗಿದ್ದೇನೆ.

ಚಂದ್ರನ ಪಕ್ಕಕ್ಕೆ ಬಿಳಿ ಹಾಳೆ ಹಿಡಿಯುವವರು ಯಾರು ಎಂದು ಮಗಳು ಕೇಳಬಹುದು. ಅದೂ ಒಮ್ಮೆ ಆಗಿದೆ. ಡಿಸ್ಕವರ್ ಎಂಬ ಅಮೆರಿಕದ ಉಪಗ್ರಹ ನಮ್ಮಿಂದ ಸುಮಾರು 16 ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯನ ದಿಕ್ಕಿನಲ್ಲಿ ನಿಂತು ಭೂಮಿಯ ಫೋಟೊ ತೆಗೆಯುತ್ತಿತ್ತು. 2015ರ ಜುಲೈ 16ರಂದು ಅದರ ಕಣ್ಣೆದುರು ಚಂದ್ರ ಭೂಮಿಯ ಮುಂದೆ ಹಾದುಹೋದ. ಒಂದೇ ಫೋಟೊದಲ್ಲಿ ಇಬ್ಬರೂ, ಇಬ್ಬರ ಮೇಲೂ ಒಂದೇ ಬಿಸಿಲು. ಭೂಮಿ ಬಿಳಿ ಮೋಡ, ನೀಲಿ ಸಮುದ್ರ ಹೊತ್ತು ಹೊಳೆಯುತ್ತಿದೆ. ಮುಂದೆ ಚಂದ್ರ ಮಣ್ಣಿನ ಉಂಡೆಯ ಹಾಗೆ ಮಂಕಾಗಿ, ಕಂದು ಬೂದು ಬಣ್ಣದಲ್ಲಿ ತೇಲುತ್ತಿದ್ದಾನೆ. ಆ ಫೋಟೊ ಇಂಟರ್‌ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ, ಮಗಳಿಗೆ ತೋರಿಸಿ. ಅದನ್ನು ನೋಡಿದವರಲ್ಲಿ ಎಷ್ಟೋ ಜನ ಇದು ಸುಳ್ಳು ಫೋಟೊ ಅಂದುಕೊಳ್ಳುತ್ತಾರೆ. ಬೆಳ್ಳಿ ಬಟ್ಟಲು ಎಂದು ಹಾಡಿದ ಚಂದಪ್ಪ ಇವನೇನಾ ಎಂದು ನಂಬೋಕೆ ಕಷ್ಟ.

ಇನ್ನೊಂದು ತಪ್ಪನ್ನು ಇಲ್ಲೇ ತಿದ್ದಿಬಿಡುತ್ತೇನೆ. "ಚಂದ್ರ ಕನ್ನಡಿಯ ಹಾಗೆ ಬೆಳಕನ್ನು ಪ್ರತಿಫಲಿಸುತ್ತಾನೆ" ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ನಾನೇ ಎಷ್ಟೋ ವರ್ಷ ಕ್ಲಾಸಿನಲ್ಲಿ ಹಾಗೆ ಹೇಳಿದ್ದೇನೆ. ಕನ್ನಡಿಯ ಹಾಗಿದ್ದರೆ ಚಂದ್ರ ನಮಗೆ ಹೀಗೆ ದುಂಡಗೆ ಕಾಣುತ್ತಲೇ ಇರಲಿಲ್ಲ. ಅಂಗಳದಲ್ಲಿ ಬೆಳಗಿಟ್ಟ ಸ್ಟೀಲ್ ಕೊಡದ ಮೇಲೆ ಬಿಸಿಲು ಬಿದ್ದಾಗ ಏನಾಗುತ್ತದೆ? ಕೊಡ ಪೂರ್ತಿ ಹೊಳೆಯುವುದಿಲ್ಲ. ಒಂದೇ ಒಂದು ಕಡೆ ಕಣ್ಣು ಕುಕ್ಕುವ ಚುಕ್ಕೆ ಇರುತ್ತದೆ. ಉಳಿದ ಕಡೆ ಸುತ್ತಲಿನ ಮನೆ, ಗಿಡ ಕಾಣುತ್ತವೆ. ಚಂದ್ರ ಕನ್ನಡಿ ಉಂಡೆಯಾಗಿದ್ದರೆ ನಮಗೆ ಆಕಾಶದಲ್ಲಿ ಒಂದು ಚುಕ್ಕೆ ಕಾಣುತ್ತಿತ್ತು, ಅಷ್ಟೇ. ಇಡೀ ದುಂಡು ಕಾಣುವುದು ಅವನ ಮೈ ಒರಟಾಗಿರೋದರಿಂದ. ನೆಲದ ಮೇಲೆಲ್ಲ ನುಣ್ಣಗಿನ ಧೂಳು, ಅದರ ಮೇಲೆ ಕಲ್ಲು, ಕುಳಿ. ಬಿದ್ದ ಬೆಳಕು ಅಲ್ಲಿ ದಿಕ್ಕು ದಿಕ್ಕಿಗೆ ಚದುರುತ್ತದೆ. ಅದರಲ್ಲಿ ಸ್ವಲ್ಪ ನಮ್ಮ ಕಡೆಗೂ ಬರುತ್ತದೆ. ಸೂರ್ಯನಿಂದ ಹೊರಟು 8 ನಿಮಿಷ 20 ಸೆಕೆಂಡಿಗೆ ಚಂದ್ರನನ್ನು ಮುಟ್ಟಿದ ಬೆಳಕು, ಅಲ್ಲಿಂದ ಇನ್ನೊಂದು 1.3 ಸೆಕೆಂಡಿಗೆ ನಿಮ್ಮ ಮಾಳಿಗೆಗೆ ಬಂದಿರುತ್ತದೆ.

ಆ ಒರಟು ಮೈಯಿಂದ ಒಂದು ತಮಾಷೆಯೂ ಆಗುತ್ತದೆ. ಅರ್ಧಚಂದ್ರ ಹುಣ್ಣಿಮೆಯ ಎಷ್ಟು ಪಾಲು ಬೆಳಕು ಕೊಡಬೇಕು? ಅರ್ಧ ಅನ್ನುತ್ತೀರಿ. ಅಲ್ಲ, ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಇದನ್ನು ತಿಳಿಯೋಕೆ ನಿಮ್ಮ ಹೊಲವೇ ಸಾಕು. ಬೇಸಿಗೆಯಲ್ಲಿ ನೇಗಿಲು ಹೊಡೆದು, ಹೆಂಟೆ ಎದ್ದು ಬಿದ್ದಿರುತ್ತವಲ್ಲ, ಆಗ ಸಂಜೆ ಐದರ ಹೊತ್ತಿಗೆ ಬದುವಿನ ಮೇಲೆ ನಿಲ್ಲಿ. ಸೂರ್ಯನಿಗೆ ಬೆನ್ನು ಮಾಡಿ ಹೊಲ ನೋಡಿ. ಪ್ರತಿ ಹೆಂಟೆಯ ಬಿಸಿಲು ಬಿದ್ದ ಮುಖವೇ ನಿಮಗೆ ಕಾಣುತ್ತದೆ, ನೆರಳು ಹೆಂಟೆಯ ಹಿಂದೆ ಅಡಗಿರುತ್ತದೆ. ಹೊಲ ಬೆಳಗಿದಂತೆ ಇರುತ್ತದೆ. ಈಗ ಸೂರ್ಯನ ಕಡೆಗೆ ತಿರುಗಿ. ಅದೇ ಹೊಲ, ಆದರೆ ಎಲ್ಲ ಹೆಂಟೆಗಳ ನೆರಳಿನ ಮಗ್ಗುಲು ನಿಮ್ಮ ಕಡೆಗಿದೆ. ಕರ್ರಗೆ ಕಾಣುತ್ತದೆ.

ಹುಣ್ಣಿಮೆಯ ದಿನ ನಾವು ಸೂರ್ಯನಿಗೆ ಬೆನ್ನು ಮಾಡಿ ನಿಂತವರು. ಸೂರ್ಯ ಪಶ್ಚಿಮದಲ್ಲಿ ಮುಳುಗುವಾಗ ಚಂದ್ರ ಪೂರ್ವದಲ್ಲಿ ಏಳುತ್ತಾನೆ, ನಡುವೆ ನಾವು. ಅಲ್ಲಿಯ ಪ್ರತಿ ಕಲ್ಲು, ಪ್ರತಿ ಧೂಳಿನ ಕಣ ತನ್ನ ನೆರಳನ್ನು ತನ್ನ ಬೆನ್ನ ಹಿಂದೆಯೇ ಬಚ್ಚಿಟ್ಟುಕೊಂಡಿರುತ್ತದೆ. ಅಷ್ಟಮಿಯ ದಿನ ಬಿಸಿಲು ಓರೆಯಾಗಿ ಬೀಳುತ್ತದೆ, ನೆರಳುಗಳೆಲ್ಲ ನಮಗೆ ಕಾಣುತ್ತವೆ. ಹೀಗಾಗಿ ಬೆಳಕು ಅರ್ಧಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಹುಣ್ಣಿಮೆ ಚಂದ್ರ ಚೆಂಡಿನ ಹಾಗೆ ಕಾಣದೆ ಜೋಳದ ರೊಟ್ಟಿಯ ಹಾಗೆ ಚಪ್ಪಟೆ ಕಾಣುವುದಕ್ಕೂ ಇದೇ ಕಾರಣ. ಸುಣ್ಣದ ಚೆಂಡಾಗಿದ್ದರೆ ಅಂಚು ಮಬ್ಬಾಗಬೇಕಿತ್ತು. ಚಂದ್ರನ ಅಂಚು ನಡುವಿನಷ್ಟೇ ಬೆಳಗಿರುತ್ತದೆ.

ಇಷ್ಟು ಹೇಳಿದ ಮೇಲೆ ಬೆಳದಿಂಗಳ ಬಡತನವನ್ನೂ ಹೇಳಬೇಕು. ಹುಣ್ಣಿಮೆಯ ಬೆಳಕು ಬಿಸಿಲಿನ 4 ಲಕ್ಷದಲ್ಲಿ ಒಂದು ಪಾಲು. ಮೇಲೆ ಕಾಣುವ ಆಕಾಶದ ತುಂಬ ಜಾಗ ಬಿಡದೆ ಹುಣ್ಣಿಮೆ ಚಂದ್ರರನ್ನು ಜೋಡಿಸಿದರೆ ಸುಮಾರು ಒಂದು ಲಕ್ಷ ಹಿಡಿಯುತ್ತವೆ. ಅಷ್ಟೂ ಸೇರಿ ಒಂದು ಸೂರ್ಯನ ಕಾಲು ಭಾಗ ಆಗುವುದೂ ಕಷ್ಟ. ಆದರೂ ಅದರಲ್ಲಿ ದಾರಿ ಕಾಣುತ್ತದೆ, ಮಾಳಿಗೆ ಮೇಲೆ ಊಟ ಮಾಡಬಹುದು. ಅದು ಚಂದ್ರನ ದೊಡ್ಡಸ್ತಿಕೆ ಅಲ್ಲ, ನಮ್ಮ ಕಣ್ಣಿನದು. ಕತ್ತಲಲ್ಲಿ ಅರ್ಧ ಗಂಟೆ ಕೂತರೆ ಕಣ್ಣು ಅಷ್ಟು ಹದವಾಗುತ್ತದೆ. ಆದರೆ ಬಣ್ಣ ಬಿಟ್ಟುಕೊಡುತ್ತದೆ. ಕಡಿಮೆ ಬೆಳಕಿನಲ್ಲಿ ಕೆಲಸ ಮಾಡುವ ದಂಡ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ, ಕೆಂಪಂತೂ ಕಾಣುವುದೇ ಇಲ್ಲ ಅನ್ನಬೇಕು. ಹಾವೇರಿ ಕಡೆ ಕಣದಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ್ದನ್ನು ಹಗಲಿನಲ್ಲಿ ನೋಡಿ, ಕೆಂಪು ಜಮಖಾನೆ ಹಾಸಿದಂತೆ ಇರುತ್ತದೆ. ಅದೇ ಕಣವನ್ನು ಬೆಳದಿಂಗಳಲ್ಲಿ ನೋಡಿ, ಕರಿ ಕಂಬಳಿ. ಬೆಳದಿಂಗಳು ತುಸು ನೀಲಿ ಎಂದು ನಮಗೆ ಅನ್ನಿಸುವುದೂ ಕಣ್ಣಿನ ಈ ಗುಣದಿಂದಲೇ. ಅಳೆದು ನೋಡಿದರೆ ಚಂದ್ರನ ಬೆಳಕು ಬಿಸಿಲಿಗಿಂತ ತುಸು ಕೆಂಪಿನ ಕಡೆಗೇ ಇದೆ.

ಅತ್ತೆಯವರ ಮಾತಿಗೆ ಬರುತ್ತೇನೆ. ಬೆಳದಿಂಗಳ ರಾತ್ರಿ ತಂಪು ಅನ್ನೋದು ಖರೆ, ಅವರ ಅನುಭವಕ್ಕೆ ಕೈ ಮುಗಿಯುತ್ತೇನೆ. ಆದರೆ ಆ ತಂಪು ಚಂದ್ರ ಕೊಟ್ಟದ್ದಲ್ಲ. ಮೋಡ ಅಂದರೆ ನೆಲಕ್ಕೆ ಹೊದಿಸಿದ ಕೌದಿ. ಮೋಡ ಇಲ್ಲದ ರಾತ್ರಿ ಹಗಲಿಡೀ ಕಾದ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಬೇಗ ಆರುತ್ತದೆ. ಅಂಥ ರಾತ್ರಿಯೇ ಚಂದ್ರ ಚೆನ್ನಾಗಿ ಕಾಣುತ್ತಾನೆ. ಮೋಡ ಇಲ್ಲದ ಅಮಾವಾಸ್ಯೆಯ ರಾತ್ರಿಯೂ ಅಷ್ಟೇ ತಂಪು, ನೋಡೋಕೆ ಯಾರೂ ಹೊರಗೆ ಕೂರುವುದಿಲ್ಲ ಅಷ್ಟೇ.

ಚಂದ್ರನದು ಎರವಲು ಬೆಳಕು ಎಂದು ನಮ್ಮವರಿಗೆ ತುಂಬಾ ಹಿಂದೆಯೇ ಗೊತ್ತಿತ್ತು. ಆರ್ಯಭಟ 499ರ ಹೊತ್ತಿಗೆ ಬರೆದ ಆರ್ಯಭಟೀಯದಲ್ಲಿ ಇದು ನೇರವಾಗಿದೆ. ಭೂಮಿ, ಗ್ರಹ, ನಕ್ಷತ್ರ ಎಲ್ಲವೂ ಗೋಲಗಳು, ಸೂರ್ಯನ ಕಡೆಗಿರುವ ಅರ್ಧ ಬೆಳಗುತ್ತದೆ, ಉಳಿದ ಅರ್ಧ ತನ್ನದೇ ನೆರಳಿನಲ್ಲಿ ಕಪ್ಪು ಅನ್ನುತ್ತಾನೆ. ನಕ್ಷತ್ರಗಳ ಮಟ್ಟಿಗೆ ಅವನ ಮಾತು ತಪ್ಪು, ಅವಕ್ಕೆ ಸ್ವಂತ ಬೆಳಕಿದೆ. ಚಂದ್ರ ನೀರಿನಿಂದ ಆದವನು ಎಂದದ್ದೂ ತಪ್ಪು. ಆದರೆ ಗ್ರಹಣದಲ್ಲಿ ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ಹೇಳಿದ್ದು ಹದಿನಾರಾಣೆ ಸರಿ.

ಆ ಗ್ರಹಣವೇ ದೊಡ್ಡ ಸಾಕ್ಷಿ. 2025ರ ಸೆಪ್ಟೆಂಬರ್ 7ರ ರಾತ್ರಿ 11ರಿಂದ 12 ಗಂಟೆ 22 ನಿಮಿಷದವರೆಗೆ ಚಂದ್ರ ಪೂರ್ತಿ ಭೂಮಿಯ ನೆರಳಿನಲ್ಲಿದ್ದ. ಮೇನ್ ಸ್ವಿಚ್ ತೆಗೆದಂತೆ ಬೆಳಕು ಹೋಯಿತು. ಉಳಿದದ್ದು ಹಳೆಯ ತಾಮ್ರದ ಕೊಡದ ಬಣ್ಣ. ಅದು ನಮ್ಮ ಭೂಮಿಯ ಗಾಳಿಯ ಅಂಚಿನಿಂದ ಬಾಗಿ ಹೋದ ಕೆಂಪು ಬೆಳಕು, ಲೋಕದ ಎಲ್ಲ ಸಂಜೆ ಮುಂಜಾನೆಗಳ ಕೆಂಪು ಒಟ್ಟಿಗೆ ಬಿದ್ದಂತೆ. ಅದನ್ನು ತಪ್ಪಿಸಿಕೊಂಡಿದ್ದರೆ 2028ರ ಡಿಸೆಂಬರ್ 31 ನೆನಪಿಡಿ. ಆ ರಾತ್ರಿ 10ರ ಸುಮಾರಿಗೆ ಹೊಸ ವರ್ಷದ ಗಲಾಟೆ ಬಿಟ್ಟು ಮಾಳಿಗೆ ಹತ್ತಬಹುದು.

ಗ್ರಹಣಕ್ಕೆ ಕಾಯದೆ ನೋಡಬಹುದಾದದ್ದು ಇನ್ನೊಂದಿದೆ. ಯುಗಾದಿ ಮರುದಿನ ಚಂದ್ರನನ್ನು ನೋಡೋಕೆ, ರಂಜಾನ್ ಮುಗಿಯುವಾಗ ಚಾಂದ್ ಹುಡುಕೋಕೆ ಜನ ಪಶ್ಚಿಮಕ್ಕೆ ಕಣ್ಣು ನೆಟ್ಟು ನಿಲ್ಲುತ್ತಾರಲ್ಲ, ಆ ಎಳೆ ಚಂದ್ರ. ಇನ್ನೊಂದು ದಿನ ಬಿಟ್ಟು ನೋಡಿದರೆ ಇನ್ನೂ ಚೆನ್ನ. ತೆಳು ಗೆರೆಯ ಜೊತೆ ಉಳಿದ ದುಂಡೂ ಬೂದಿ ಬಣ್ಣದಲ್ಲಿ ಮಸುಕಾಗಿ ಕಾಣುತ್ತದೆ. ಅಲ್ಲಿ ಆಗ ರಾತ್ರಿ. ಆ ರಾತ್ರಿಗೆ ಬೆಳಕು ಕೊಡುವವರು ನಾವು. ಭೂಮಿಯ ಮೋಡ, ಸಮುದ್ರಗಳಿಂದ ಚದುರಿದ ಬಿಸಿಲು ಚಂದ್ರನಿಗೆ ಹೋಗಿ, ಅಲ್ಲಿಂದ ವಾಪಸ್ ನಮಗೆ ಬರುತ್ತದೆ. ಇದನ್ನು ಸರಿಯಾಗಿ ಬಿಡಿಸಿ ಹೇಳಿದವನು ಐನೂರು ವರ್ಷದ ಹಿಂದೆ ಲಿಯೊನಾರ್ಡೊ ಡ ವಿಂಚಿ.

ಕೊನೆಗೆ ಹಗಲಿನ ಪ್ರಶ್ನೆ. ಚಂದ್ರ ಹಗಲಿನಲ್ಲೂ ಅಷ್ಟೇ ಹೊಳೆಯುತ್ತಾನೆ, ಒಂದು ಕಣವೂ ಕಡಿಮೆ ಇಲ್ಲ. ಬದಲಾಗುವುದು ನಮ್ಮ ಆಕಾಶ. ಹಗಲು ನಮ್ಮ ಗಾಳಿ ಬಿಸಿಲನ್ನು ಚದುರಿಸಿ ಎಲ್ಲ ಕಡೆ ನೀಲಿ ಬೆಳಕು ತುಂಬಿರುತ್ತದೆ. ಅದರ ನಡುವೆ ಚಂದ್ರ ಸೋಸುವ ಅರಿವೆಯ ತುಂಡಿನ ಹಾಗೆ ತೆಳುವಾಗಿ ಕಾಣುತ್ತಾನೆ. ತಿಂಗಳ ಲೆಕ್ಕ ತೆಗೆದರೆ ಅವನು ರಾತ್ರಿ ಎಷ್ಟು ಹೊತ್ತು ಆಕಾಶದಲ್ಲಿರುತ್ತಾನೋ ಹಗಲೂ ಹೆಚ್ಚು ಕಡಿಮೆ ಅಷ್ಟೇ ಇರುತ್ತಾನೆ. ನಾವು ತಲೆ ಎತ್ತುವುದಿಲ್ಲ.

ಮಗಳಿಗೆ ಒಂದು ಕೆಲಸ ಕೊಡಿ. ನಿಮ್ಮ ಹೊಲದ ಎರಿ ಮಣ್ಣು ಕಲಸಿ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈಗೆ ಇದು ಕಷ್ಟವಲ್ಲ. ಕ್ಯಾಲೆಂಡರ್‌ನಲ್ಲಿ ಸಂಕಷ್ಟಿ ನೋಡಿ, ಅದಾಗಿ ನಾಲ್ಕನೇ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಶಾಲೆಗೆ ಹೋಗುವ ಮುಂಚೆ, ಅಂಗಳಕ್ಕೆ ಬನ್ನಿ. ಅರ್ಧಚಂದ್ರ ಪಶ್ಚಿಮದ ಕಡೆ ಇರುತ್ತಾನೆ, ಸೂರ್ಯ ಪೂರ್ವದಲ್ಲಿ. ಉಂಡೆಯನ್ನು ಎರಡು ಬೆರಳಲ್ಲಿ ಹಿಡಿದು, ಕೈ ಚಾಚಿ, ಚಂದ್ರನ ಪಕ್ಕಕ್ಕೆ ಬರುವ ಹಾಗೆ ಬಿಸಿಲಲ್ಲಿ ಎತ್ತಲಿ. ಉಂಡೆಯ ಅರ್ಧಕ್ಕೆ ಬಿಸಿಲು, ಅರ್ಧಕ್ಕೆ ನೆರಳು. ಪಕ್ಕದಲ್ಲಿ ಚಂದ್ರನೂ ಅದೇ ಆಕಾರ, ಅದೇ ಓರೆ. ಉಂಡೆ ಮಾತ್ರ ಪೂರ್ತಿ ಒಣಗಿರಲಿ. ಹಸಿ ಇದ್ದರೆ ಸ್ಟೀಲ್ ಕೊಡದ ಹಾಗೆ ಒಂದು ಕಡೆ ಮಿರುಗುತ್ತದೆ.